ಕೊರಳಲ್ಲಿ ಬಟನ್, ಪಕ್ಕದ ಮನೇಲಿ ಬೀಗದ ಕೈ

ಅಮ್ಮ ರಾಮನಗರದಲ್ಲಿ, ನೀವು ಬೆಂಗಳೂರಲ್ಲಿ. ಇಲ್ಲಾ ಅತ್ತೆ ಮಾಗಡಿಯಲ್ಲಿ, ನೀವು ಕೆಂಗೇರಿಯಲ್ಲಿ. ‘ಬಂದು ನಮ್ಮ ಜೊತೇಲೇ ಇದ್ದುಬಿಡಿ’ ಅಂತ ಎಷ್ಟು ಸಲ ಕರೆದರೂ ಅವರದು ಒಂದೇ ಉತ್ತರ: ‘ಅಲ್ಲಿ ನಂಗೆ ಹೊತ್ತೇ ಹೋಗಲ್ಲ ಕಣಮ್ಮ!’ ಚನ್ನಪಟ್ಟಣ, ಕನಕಪುರದ ಬೀದಿಗಳಲ್ಲೂ ಮಕ್ಕಳು ಬೆಂಗಳೂರು ಸೇರಿ, ಹಿರಿಯರೊಬ್ಬರೇ ಉಳಿದ ಮನೆಗಳು ಕಡಿಮೆಯೇನಿಲ್ಲ.

ಐವತ್ತು ಅರವತ್ತು ಕಿಲೋಮೀಟರ್ ಏನು ಮಹಾ ದೂರ ಅನ್ನಿಸಬಹುದು. 2023ರಲ್ಲಿ ಮೈಸೂರಿನ ಎಕ್ಸ್‌ಪ್ರೆಸ್ ವೇ ಆದ ಮೇಲಂತೂ ರಾಮನಗರ, ಚನ್ನಪಟ್ಟಣ ಇನ್ನೂ ಹತ್ತಿರ. ಆದರೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಾಗ ಬೇಕಾಗೋದು ಹತ್ತು ನಿಮಿಷದಲ್ಲಿ ಬರುವವರು. ಏಳಲಾಗದೆ ಗಂಟೆಗಟ್ಟಲೆ ನೆಲದಲ್ಲೇ ಬಿದ್ದಿದ್ದರೆ ಮೈಯ ನೀರಿನಂಶ ಆರುತ್ತದೆ, ಸ್ನಾಯುಗಳಿಗೆ ಪೆಟ್ಟಾಗಿ ಕಿಡ್ನಿಗೂ ತೊಂದರೆಯಾಗಬಹುದು. ಪಾರ್ಶ್ವವಾಯು ಆದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅದಕ್ಕೇ ಈಗ ಮೆಡಿಕಲ್ ಅಲರ್ಟ್ ಸಾಧನಗಳು ಬಂದಿವೆ.

ಯಾವುದು ನಿಮ್ಮ ಮನೆಗೆ ಸರಿ?

* ಸಿಮ್ ಇರುವ ಬಟನ್: ಕೊರಳಿಗೋ ಕೈಗೋ ಕಟ್ಟಿಕೊಳ್ಳುವಂಥದ್ದು. ಒತ್ತಿದರೆ ನೀವು ಮೊದಲೇ ಹಾಕಿಟ್ಟ ನಂಬರ್‌ಗಳಿಗೆ ಕರೆ ಹೋಗುತ್ತದೆ. ಕೆಲವು ಕಂಪನಿಯ ಕಾಲ್ ಸೆಂಟರ್‌ಗೆ ಹೋಗುತ್ತವೆ, ಅದಕ್ಕೆ ಬೇರೆ ಚಂದಾ.

* ಎಸ್‌ಒಎಸ್ ಬಟನ್ ಇರುವ ಕೀಪ್ಯಾಡ್ ಫೋನ್: ದೊಡ್ಡ ಅಂಕಿ, ಹಿಂದುಗಡೆ ದೊಡ್ಡ ಬಟನ್. ಆದರೆ ಅಮ್ಮ ಬಚ್ಚಲಲ್ಲಿ, ಫೋನು ನಡುಮನೆಯಲ್ಲಿ ಚಾರ್ಜಿಗೆ! ಇದೇ ಇದರ ತೊಂದರೆ.

* ಬೀಳುವುದನ್ನು ಗುರುತಿಸುವ ವಾಚ್: ಆಪಲ್ 2018ರಲ್ಲಿ ತನ್ನ ವಾಚ್‌ಗೆ ಈ ಸೌಲಭ್ಯ ತಂದಿತು. ಜೋರಾಗಿ ಬಿದ್ದು ಅಲುಗಾಡದಿದ್ದರೆ ತಾನೇ ಕರೆ ಮಾಡುತ್ತದೆ. ಆದರೆ ಬೆಲೆ ಜಾಸ್ತಿ, ಆಗಾಗ ಚಾರ್ಜ್ ಮಾಡಬೇಕು, ಗೋಡೆ ಹಿಡಿದು ಮೆಲ್ಲಗೆ ಕುಸಿದರೆ ಗೊತ್ತಾಗದೇ ಹೋಗಬಹುದು.

* ವೈರ್‌ಲೆಸ್ ಕಾಲಿಂಗ್ ಬೆಲ್: ಇದು ಬಡವರ ಅಲರ್ಟ್! ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಟನ್ ಬಚ್ಚಲಲ್ಲಿ, ನೆಲದಲ್ಲಿ ಬಿದ್ದವರ ಕೈಗೂ ಎಟುಕುವಷ್ಟು ಕೆಳಗೆ. ಬೆಲ್ ಪಕ್ಕದ ಮನೆಯಲ್ಲಿ. ಗೋಡೆ ದಾಟಿ ಕೇಳುತ್ತಾ ಅಂತ ಹಚ್ಚಿ ನೋಡಿಯೇ ಕೊಳ್ಳಿ. ಕರೆಂಟ್ ಹೋದಾಗಲೂ ಹೊಡೆಯುವ, ಬ್ಯಾಟರಿಯ ಬೆಲ್ ಆದರೆ ಒಳ್ಳೆಯದು.

ಕೊಳ್ಳುವ ಮುಂಚೆ ಕೇಳಿ

ನೀರು ಬಿದ್ದರೆ ಹಾಳಾಗುತ್ತಾ? ಸ್ನಾನಕ್ಕೆ ಬಿಚ್ಚಿಡಬೇಕಾದ ಬಟನ್‌ನಿಂದ ಪ್ರಯೋಜನ ಅರ್ಧಕ್ಕರ್ಧ ಕಡಿಮೆ. ವೈಫೈ ಮೇಲೆ ನಡೆಯುವಂಥದ್ದಾದರೆ, ಕರೆಂಟ್ ಹೋದಾಗ ಏನು ಗತಿ? 2ಜಿ ಮಾತ್ರ ಇರುವ ಸಾಧನಕ್ಕೆ ಜಿಯೋ ಸಿಮ್ ನಡೆಯಲ್ಲ, ನೆನಪಿರಲಿ. ಮನೆಯೊಳಗೆ ಯಾವ ಸಿಮ್‌ಗೆ ಸಿಗ್ನಲ್ ಸಿಗುತ್ತದೋ ಅದನ್ನೇ ಹಾಕಿ. ಕಾಲ್ ಸೆಂಟರ್ ಇದ್ದರೆ ‘ಕನ್ನಡ ಮಾತಾಡ್ತೀರಾ? ಮಾಗಡಿಗೆ ಆಂಬುಲೆನ್ಸ್ ಕಳಿಸ್ತೀರಾ, ಬರೀ ಬೆಂಗಳೂರಿಗಾ?’ ಅಂತ ಬಾಯಿಬಿಟ್ಟು ಕೇಳಿ. ಸಿಮ್‌ನ ರೀಚಾರ್ಜ್ ಮುಗಿದರೆ ಬಟನ್ ಬರೀ ಪದಕ! ಆ ತಾರೀಖು ನಿಮ್ಮ ಮನೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಚಿಲಕದ ಮಾತು

ಬಟನ್ ಒತ್ತಿದರು, ಪಕ್ಕದವರು ಓಡಿಬಂದರು. ಬಾಗಿಲಿಗೆ ಒಳಗಿಂದ ಚಿಲಕ! ಆಮೇಲೆ? ಹೊರಗಿಂದಲೂ ಕೀಲಿ ತಿರುಗಿಸಿ ತೆಗೆಯಬಹುದಾದ ಬೀಗ ಹಾಕಿಸಿ, ಒಂದು ಬೀಗದ ಕೈ ನಂಬಿಕಸ್ತ ನೆರೆಮನೆಯವರ ಹತ್ತಿರ ಕೊಟ್ಟಿಡಿ. ಬಚ್ಚಲ ಬಾಗಿಲು ಬರೀ ಮುಂದೂಡಿಕೊಂಡರೆ ಸಾಕು. ಕರೆ ಹೋಗುವ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದಲ್ಲ, ಆ ನೆರೆಮನೆಯವರದೇ ಇರಲಿ. ಎರಡನೆಯದು ಅದೇ ಊರಿನ ನೆಂಟರದು. ನೀವು ಮೂರನೆಯವರು.

‘ನಂಗ್ಯಾಕೆ ಇದೆಲ್ಲ?’

ಎಷ್ಟೋ ಮನೆಗಳಲ್ಲಿ ಬಟನ್ ದೇವರ ಮನೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ‘ರೋಗಿಷ್ಠಳ ಥರ ಕಾಣ್ತೀನಿ’ ಅನ್ನೋದು ಮೇಲಿನ ಕಾರಣ. ಒಳಗಿನ ಹೆದರಿಕೆಯೇ ಬೇರೆ. ಬಿದ್ದೆ ಅಂತ ಗೊತ್ತಾದರೆ ಮಕ್ಕಳು ಮನೆಗೆ ಬೀಗ ಹಾಕಿಸಿ ಬೆಂಗಳೂರಿಗೆ ಕರೆದುಕೊಂಡು ಹೋಗಿಬಿಡುತ್ತಾರಲ್ಲ! ಅದಕ್ಕೇ ಸಣ್ಣಪುಟ್ಟ ಜಾರಾಟವನ್ನು ಮುಚ್ಚಿಡುತ್ತಾರೆ. ಹೀಗಾಗಿ ಬಟನ್ ಕೊಡುವ ಮುಂಚೆ ಒಂದು ಮಾತು ಕೊಡಿ: ‘ಇದು ನಿಮ್ಮನ್ನು ಊರು ಬಿಡಿಸೋಕಲ್ಲ, ಇದೇ ಮನೆಯಲ್ಲಿ ಇನ್ನಷ್ಟು ವರ್ಷ ಇರಲಿ ಅಂತ.’ ಆ ಮಾತು ಉಳಿಸಿಕೊಳ್ಳಿ ಕೂಡ. ಕ್ಯಾಮೆರಾ ಹಾಕಿಸುವುದಾದರೆ ಅವರನ್ನು ಕೇಳಿಯೇ ಹಾಕಿಸಿ.

ವಾರಕ್ಕೊಂದು ದಿನ, ಸಂಜೆ ದೀಪ ಹಚ್ಚಿದ ಮೇಲೆ, ಒಮ್ಮೆ ಒತ್ತಿಸಿ ನೋಡಿ. ಸಾಧನದ ಪರೀಕ್ಷೆಯೂ ಆಯ್ತು, ಅವರ ಕೈಗೆ ಅಭ್ಯಾಸವೂ ಆಯ್ತು. ಒತ್ತುವ ಮುಂಚೆ ಪಟ್ಟಿಯಲ್ಲಿರುವವರಿಗೆಲ್ಲ ಹೇಳಿರಿ, ಗಾಬರಿಯಾದಾರು!

ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ

* 108: ಆಂಬುಲೆನ್ಸ್.
* 112: ತುರ್ತು ಸಹಾಯ. 2017ರಿಂದೀಚಿನ ಕೀಪ್ಯಾಡ್ ಫೋನ್‌ಗಳಲ್ಲಿ 5 ಅಥವಾ 9 ಒತ್ತಿ ಹಿಡಿದರೆ ಇಲ್ಲಿಗೆ ಕರೆ ಹೋಗಬೇಕೆಂಬ ನಿಯಮವಿದೆ. ನಿಮ್ಮದರಲ್ಲಿ ಯಾವ ಅಂಕಿ ಅಂತ ತಿಳಿದುಕೊಳ್ಳಿ. ಸುಮ್ಮನೆ ಪರೀಕ್ಷೆಗೆಂದು ಒತ್ತಬೇಡಿ.
* 14567: ಹಿರಿಯ ನಾಗರಿಕರ ಎಲ್ಡರ್‌ಲೈನ್. ಸಲಹೆ, ಮಾಹಿತಿಗೆ ಮಾತ್ರ, ಆಂಬುಲೆನ್ಸ್‌ಗಲ್ಲ.

ಅದರ ಕೆಳಗೆ ಮನೆ ವಿಳಾಸ, ಹತ್ತಿರದ ಗುರುತು, ದಿನಾ ನುಂಗುವ ಮಾತ್ರೆಗಳ ಹೆಸರು. ಹೃದಯಾಘಾತಕ್ಕೆ ತುರ್ತು ಇಂಜೆಕ್ಷನ್ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ರಾಜ್ಯದಲ್ಲಿ ಶುರುವಾಗಿದೆ. ಅದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿದೆಯಾ ಅಂತ ಈಗಲೇ ವಿಚಾರಿಸಿಡಿ.

ಮುಂದಿನ ಭಾನುವಾರ ಊರಿಗೆ ಹೋದಾಗ ಹಣ್ಣಿನ ಜೊತೆ ಒಂದು ಬಟನ್ನೂ ಚೀಲದಲ್ಲಿರಲಿ. ಬರುವ ಮುಂಚೆ ಪಕ್ಕದ ಮನೆಯವರ ಜೊತೆ ಕೂತು ಒಂದು ಲೋಟ ಕಾಫಿ ಕುಡಿದು ಬನ್ನಿ. ಬಟನ್ ಒತ್ತಿದಾಗ ಓಡಿಬರುವವರು ಅವರೇ ತಾನೇ?