ತಾವೇ ಸಾಲು ಕಟ್ಟುವ ಅಣುಗಳು

ಒಂದೇ ಒಂದು ಅಣುವಿನಷ್ಟು ದಪ್ಪದ ಪದರ ಕೂಸಿನ ಉಸಿರನ್ನು ಉಳಿಸುತ್ತದೆ, ಒಂದರ ಮೇಲೊಂದು ಪೇರಿಸಿದರೆ ಗಾಜಿನ ಪ್ರತಿಫಲನವನ್ನೂ ಕಳೆಯುತ್ತದೆ. ಅದನ್ನು ಮೊದಲು ಅಳೆಯಹೊರಟದ್ದು ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡ ಯುವತಿ.

ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿದ್ದ ಆಗ್ನೆಸ್ ಪೊಕೆಲ್ಸ್‌ಗೆ ಭೌತಶಾಸ್ತ್ರವೆಂದರೆ ಪ್ರಾಣ. ಆದರೆ ಅಲ್ಲಿನ ವಿಶ್ವವಿದ್ಯಾಲಯಗಳು ಆಗ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಓದಿಗೆ ಆಧಾರ ತಮ್ಮ ಫ್ರೆಡ್ರಿಕ್ ಒದಗಿಸುತ್ತಿದ್ದ ಪುಸ್ತಕಗಳು. ಇಪ್ಪತ್ತರ ಹರೆಯದಲ್ಲಿ ಆಕೆ ಒಂದು ತಗಡಿನ ತೊಟ್ಟಿಗೆ ಅಂಚಿನವರೆಗೂ ನೀರು ತುಂಬಿ, ಅಡ್ಡಲಾಗಿ ತಗಡಿನ ಪಟ್ಟಿಯೊಂದನ್ನು ಇಟ್ಟರು. ಪಟ್ಟಿಯನ್ನು ಸರಿಸಿದರೆ ನೀರಿನ ಮೇಲಿನ ಜಿಡ್ಡಿಗೆ ಸಿಗುವ ಜಾಗ ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ತಕ್ಕಡಿಗೆ ತೂಗುಹಾಕಿದ ಗುಂಡಿಯೊಂದನ್ನು ನೀರಿಗೆ ಮುಟ್ಟಿಸಿ, ಅದನ್ನು ಕಿತ್ತೆತ್ತಲು ಬೇಕಾದ ಬಲವನ್ನು ಅಳೆದರು. ಅದೇ ಮೇಲ್ಮೈ ಎಳೆತದ ಲೆಕ್ಕ.

ಜಾಗ ಕಿರಿದಾದರೂ ಮೊದಮೊದಲು ಎಳೆತದಲ್ಲಿ ವ್ಯತ್ಯಾಸವಿಲ್ಲ. ಒಂದು ಹಂತ ದಾಟಿದೊಡನೆ ಅದು ಸರ‍್ರನೆ ಇಳಿಯುತ್ತದೆ! 1891ರಲ್ಲಿ ಆಕೆ ಇದನ್ನೆಲ್ಲ ಬರೆದು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿಗೆ ಕಳಿಸಿದರು. ರೇಲಿ ಅದನ್ನು 'ನೇಚರ್' ಪತ್ರಿಕೆಗೆ ದಾಟಿಸಿದರು. ಅದೇ ವರ್ಷ ಅಚ್ಚಾಯಿತು.

ನಿಂತವೋ, ಮಲಗಿದವೋ?

ಆ ಹಂತದಲ್ಲಿ ಆಗುವುದೇನು? ಸ್ಟಿಯರಿಕ್ ಆಮ್ಲದಂಥ ಅಣುವಿಗೆ ನೀರನ್ನು ಬಯಸುವ ತಲೆ, ನೀರಿಗೆ ಒಗ್ಗದ ಉದ್ದನೆಯ ಬಾಲ. ಜಾಗ ಧಾರಾಳವಾಗಿದ್ದಾಗ ಅಣುಗಳು ಅಡ್ಡಾದಿಡ್ಡಿ ಇರುತ್ತವೆ. ಒತ್ತಿದಾಗ ರಷ್ ಬಸ್ಸಿನ ಪ್ರಯಾಣಿಕರಂತೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತವೆ: ತಲೆ ನೀರಿನೊಳಗೆ, ಬಾಲ ಗಾಳಿಗೆ.

ಇದಕ್ಕೆ ಪುರಾವೆ ಕೊಟ್ಟವರು ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್. 16 ಇಂಗಾಲದ ಸರಪಳಿಯಿರಲಿ, 26ರದ್ದಿರಲಿ, ಪ್ರತಿ ಅಣು ಹಿಡಿಯುವ ಜಾಗ ಹೆಚ್ಚುಕಡಿಮೆ ಒಂದೇ, ಸುಮಾರು 0.2 ಚದರ ನ್ಯಾನೋಮೀಟರ್ ಎಂದು 1917ರಲ್ಲಿ ಅವರು ತೋರಿಸಿದರು. ಮಲಗಿದ್ದರೆ ಉದ್ದನೆಯದಕ್ಕೆ ಹೆಚ್ಚು ಜಾಗ ಬೇಕಿತ್ತಲ್ಲ! 1932ರಲ್ಲಿ ಅವರಿಗೆ ನೊಬೆಲ್ ಬಂತು.

ಅವರ ಸಹೋದ್ಯೋಗಿ ಕ್ಯಾಥರೀನ್ ಬ್ಲಾಜೆಟ್ ಈ ಪದರವನ್ನು ಗಾಜಿಗೆ ಏರಿಸಿದರು. ಗಾಜನ್ನು ಮತ್ತೆಮತ್ತೆ ಅದ್ದಿ ತೆಗೆದು 44 ಪದರ ಕೂರಿಸಿದಾಗ ಅದರ ದಪ್ಪ ಬೆಳಕಿನ ಅಲೆಯುದ್ದದ ಕಾಲು ಭಾಗಕ್ಕೆ ಬಂತು. ಮೇಲಿನಿಂದಲೂ ಕೆಳಗಿನಿಂದಲೂ ಪ್ರತಿಫಲಿಸಿದ ಕಿರಣಗಳು ಒಂದನ್ನೊಂದು ಅಳಿಸಿಹಾಕಿದವು. 1938ರಲ್ಲಿ ಲೋಕಕ್ಕೆ ತಿಳಿದ ಪ್ರತಿಫಲನರಹಿತ ಗಾಜು ಇದೇ.

ಮೊದಲ ಉಸಿರಿಗೆ

ನಮ್ಮ ಶ್ವಾಸಕೋಶದ ಗಾಳಿಚೀಲಗಳ ಒಳಮೈ ಒದ್ದೆ. ಬರೀ ನೀರಾಗಿದ್ದರೆ ಅದರ ಎಳೆತಕ್ಕೇ ಚೀಲಗಳು ಮುದುಡಿಬಿಡುತ್ತಿದ್ದವು. ಅಲ್ಲಿರುವ, ಇಂಥದೇ ಅಣುಗಳ ಸರ್ಫ್ಯಾಕ್ಟಂಟ್ ಎಂಬ ಪದರ ಉಸಿರು ಬಿಟ್ಟಾಗಲೆಲ್ಲ ಒತ್ತಾಗಿ, ಎಳೆತವನ್ನು ತಗ್ಗಿಸುತ್ತದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಇದರದ್ದೇ ಕೊರತೆ ಎಂದು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲಿ ತೋರಿಸಿದರು. 1980ರಲ್ಲಿ ಜಪಾನಿನ ತೆತ್ಸುರೊ ಫುಜಿವಾರ ದನದ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಇಂಥ ಶಿಶುಗಳಿಗೆ ಕೊಟ್ಟು ಫಲ ಕಂಡರು.

ವೈದ್ಯರು ಔಷಧಿಯನ್ನು ಶ್ವಾಸನಾಳದವರೆಗೆ ಮುಟ್ಟಿಸಬಹುದು, ಅಷ್ಟೆ. ಅಲ್ಲಿಂದಾಚೆ ಚೀಲಚೀಲಕ್ಕೂ ಹರಡಿ ಸಾಲು ಕಟ್ಟುವುದು ಅಣುಗಳಿಗೇ ಬಿಟ್ಟ ಕೆಲಸ.