ಬರೀ ಆಟದ ಚಟವೇ?

ರಾತ್ರಿಯಿಡೀ ಮೊಬೈಲಿನಲ್ಲಿ ಬಿಜಿಎಂಐ ಗೇಮ್ ಆಡಿ ಬೆಳಗಿನ ತರಗತಿಗೆ ಚಕ್ಕರ್ ಹೊಡೆಯುವ ಹುಡುಗನನ್ನು ಸೋಮಾರಿ ಎನ್ನುತ್ತೇವೆ. ಅದೇ ಕಾಲೇಜಿನಲ್ಲಿ ಊಟ ಬಿಟ್ಟು ಮಂಕಾಗಿ ಕೂತ ಹುಡುಗಿಯನ್ನು ಕಂಡರೆ 'ಏನೋ ಬೇಜಾರಿರಬೇಕು' ಎನ್ನುತ್ತೇವೆ. ಅವನದು ನಡತೆಯ ದೋಷ, ಇವಳದು ಮನಸ್ಸಿನ ನೋವು ಎಂಬ ಈ ವಿಂಗಡಣೆ ಇಬ್ಬರಿಗೂ ಅನ್ಯಾಯ ಮಾಡುತ್ತದೆ. ಖಿನ್ನತೆ ಹೆಣ್ಣುಮಕ್ಕಳಲ್ಲಿ ಹೆಚ್ಚೆಂದು ಸಮೀಕ್ಷೆಗಳು ಹೇಳುವುದೇನೋ ನಿಜ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಲ್ಲಿ, ಆತ್ಮಹತ್ಯೆಗೆ ಬಲಿಯಾದ ಹತ್ತರಲ್ಲಿ ಏಳು ಮಂದಿ ಗಂಡಸರು. ಗಂಡಸರ ಸಂಕಟ ಸಮೀಕ್ಷೆಯ ಕಣ್ಣಿಗೆ ಪೂರ್ತಿ ಬೀಳುತ್ತಿಲ್ಲ ಎಂಬ ಅನುಮಾನಕ್ಕೆ ಇಷ್ಟು ಸಾಕು.

ಅಳತೆಗೋಲುಗಳಲ್ಲೂ ತೊಡಕಿದೆ. ಅಮೆರಿಕದ ಮನೋವೈದ್ಯರ ಸಂಘ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ, ಹೆಚ್ಚಿನ ಅಧ್ಯಯನ ಬೇಕೆಂಬ ಷರಾದೊಂದಿಗೆ, ಇಂಟರ್ನೆಟ್ ಗೇಮಿಂಗ್ ಸಮಸ್ಯೆಯ ಒಂಬತ್ತು ಲಕ್ಷಣಗಳನ್ನು ಪಟ್ಟಿಮಾಡಿತು. ಐದು ಕಂಡರೆ ಸಮಸ್ಯೆ ಇದೆಯೆಂದು ಲೆಕ್ಕ. ದುಗುಡ, ಆತಂಕ ಮರೆಯಲು ಆಡುವುದು ಅವುಗಳಲ್ಲೊಂದು. ಹಳೆಯ ಹವ್ಯಾಸಗಳಲ್ಲಿ ಆಸಕ್ತಿ ಸತ್ತುಹೋಗುವುದು ಇನ್ನೊಂದು. ಖಿನ್ನತೆಯನ್ನು ಗುರುತಿಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಮೊದಲ ಪ್ರಶ್ನೆಯೂ ಆಸಕ್ತಿ ಕುಂದಿದೆಯೇ ಎಂಬುದೇ! ಹೀಗೆ ಒಂದೇ ನೋವು ಎರಡು ಲೆಕ್ಕದಲ್ಲೂ ಜಮೆಯಾಗುವಾಗ, ಗೇಮಿಂಗ್ ಹೆಚ್ಚಿದವರಲ್ಲಿ ಖಿನ್ನತೆಯೂ ಹೆಚ್ಚು ಎಂಬ ಅಂಕಿ ತೋರಿಸಿ ಆಟವೇ ಕಾರಣ ಎನ್ನುವುದು ಅವಸರದ ಮಾತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಪಟ್ಟಿ ಐಸಿಡಿ-11 ಕೂಡ ಎಷ್ಟು ಗಂಟೆ ಆಡಿದ ಎಂದು ಕೇಳುವುದಿಲ್ಲ. ಹಿಡಿತ ತಪ್ಪಿದೆಯೇ, ಬದುಕು ಕೆಡುತ್ತಿದ್ದರೂ ಆಟ ನಿಂತಿಲ್ಲವೇ ಎಂದು ಕೇಳುತ್ತದೆ.

ಆಟವನ್ನೇ ದೂರುವುದು ಅವಸರ ಎಂಬ ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಸಿಂಗಪುರದ 3,034 ಶಾಲಾ ಮಕ್ಕಳನ್ನು ಎರಡು ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟದ ಗೀಳಿನ ಬೆನ್ನಿಗೇ ಖಿನ್ನತೆ ಬಂದದ್ದು ಕಂಡಿತು. ಅದನ್ನು ತಳ್ಳಿಹಾಕಲಾಗದು. ಆದರೆ ದುಡುಕು ಸ್ವಭಾವ, ಜನರೊಂದಿಗೆ ಬೆರೆಯಲಾಗದಿರುವುದು ಗೀಳಿಗೆ ದಾರಿಯಾಗುತ್ತವೆ ಎಂದದ್ದೂ ಅದೇ ಅಧ್ಯಯನ. ಆಟ ತಯಾರಿಸುವ ಕಂಪನಿಗಳು ಮುಗ್ಧವೇನಲ್ಲ. ರ‍್ಯಾಂಕು, ಸೀಸನ್ ಬಹುಮಾನಗಳ ಆಮಿಷ ಯಾರನ್ನಾದರೂ ಎಳೆಯುತ್ತದೆ. ಹಾಗೆಂದು ಫೋನ್ ಕಿತ್ತುಕೊಂಡರೆ ಆಮಿಷ ತಪ್ಪೀತು, ಆಟದಲ್ಲಿ ಮರೆಸಿದ್ದ ದುಗುಡ ತಪ್ಪದು. ಇನ್ನು ಮೈಕ್ ಆಫ್ ಮಾಡಿ, ಗಂಡುಹೆಸರಿನಲ್ಲಿ ಆಡುವ ಹುಡುಗಿಯರಿದ್ದಾರೆ. ಗೇಮಿಂಗ್ ಗಂಡುಹುಡುಗರ ಕಾಯಿಲೆಯೆಂದು ಮೊದಲೇ ತೀರ್ಮಾನಿಸಿದವರು ಇವರನ್ನು ವಿಚಾರಿಸುವುದೇ ಇಲ್ಲ. ನೆರವಿಗೆ ದಾರಿಗಳೇನೋ ಇವೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗಾಗಿ ಶಟ್ ಕ್ಲಿನಿಕ್ ತೆರೆಯಿತು. ಟೆಲಿ ಮಾನಸ್‌ನ 14416 ಮಾನಸಿಕ ಆರೋಗ್ಯ ಸಹಾಯವಾಣಿಗೆ ಯಾರು ಬೇಕಾದರೂ ಕರೆ ಮಾಡಬಹುದು. ಕಾಲೇಜಿನ ಆಪ್ತ ಸಮಾಲೋಚಕರು ಹುಡುಗನ ದುಗುಡವನ್ನೂ ಹುಡುಗಿಯ ಆಟವನ್ನೂ ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊಳ್ಳಲು ಹೊಸ ಕಾನೂನೂ ಬೇಡ, ಅನುದಾನವೂ ಬೇಡ.