ಮಳೆಯಿಲ್ಲದ ಮಲೆನಾಡು

ಆಷಾಢದ ದಿನಗಳಲ್ಲಿ ಶೃಂಗೇರಿಯಿಂದ ಕೊಪ್ಪದ ಮಾರ್ಗವಾಗಿ ನರಸಿಂಹರಾಜಪುರಕ್ಕೆ ಬಸ್ಸಿನಲ್ಲಿ ಬರುವವರು ಒಂದು ಸಂಗತಿಯನ್ನು ಗಮನಿಸಿರಬಹುದು. ಶೃಂಗೇರಿಯಲ್ಲಿ ಜಡಿಮಳೆ, ಕೊಪ್ಪವನ್ನು ಸೇರುವಷ್ಟರಲ್ಲಿ ಅದರ ರಭಸ ತಗ್ಗಿರುತ್ತದೆ, ಭದ್ರೆಯ ಹಿನ್ನೀರು ಕಾಣುವ ವೇಳೆಗೆ ಎಷ್ಟೋ ಸಲ ಬರಿಯ ಜಿನುಗು. ದೂರವೋ ಸುಮಾರು ಐವತ್ತು ಕಿಲೋಮೀಟರು ಮಾತ್ರ. ಇಷ್ಟು ಅಲ್ಪ ಅಂತರದಲ್ಲಿ ಮಳೆ ಹೀಗೆ ಕ್ಷೀಣಿಸುವುದೇಕೆ? ಇದರ ಉತ್ತರ ಕಂಡುಕೊಂಡರೆ, ಹಿಮಾಲಯದಾಚೆಯ ಲಡಾಖ್ ಏಕೆ ಶೀತ ಮರುಭೂಮಿಯಾಯಿತೆಂಬುದೂ ತಾನಾಗಿಯೇ ತಿಳಿಯುತ್ತದೆ.

ಅರಬ್ಬೀ ಸಮುದ್ರದಿಂದ ಬೀಸುವ ನೈರುತ್ಯ ಮಾರುತವು ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರಲೇಬೇಕು. ಏರಿದಂತೆ ವಾಯುಭಾರ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ. ಹಿಗ್ಗಲು ಬೇಕಾದ ಶಕ್ತಿಯನ್ನು ತನ್ನ ಶಾಖದಿಂದಲೇ ತೆರುವುದರಿಂದ ಅದು ತಣಿಯುತ್ತದೆ. ಒಣಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು. ತಣಿದ ಗಾಳಿಯಲ್ಲಿ ಮೊದಲಿನಷ್ಟು ನೀರು ಆವಿಯಾಗಿಯೇ ಉಳಿಯಲಾರದು, ಹನಿಗಟ್ಟಿ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆಯಾಗುವುದು ಹೀಗೆಯೇ. ನೆತ್ತಿ ದಾಟಿ ಇಳಿಯುವ ಗಾಳಿಯದು ಇದರ ವಿಲೋಮ: ಅದು ಕುಗ್ಗಿ, ಬಿಸಿಯಾಗಿ, ಮೋಡವನ್ನು ಮತ್ತೆ ಆವಿಯಾಗಿಸಿಬಿಡುತ್ತದೆ. ಈ ಒಣ ಮಗ್ಗುಲಿಗೆ 'ಮಳೆನೆರಳು' ಎಂದು ಹೆಸರು. (ಮಳೆ ಬರಲೆಂದೂ, ಹೆಚ್ಚಾದಾಗ ನಿಲ್ಲಲೆಂದೂ ಕಿಗ್ಗದ ಋಷ್ಯಶೃಂಗನಿಗೆ ಮೊರೆಯಿಡುವ ನಮ್ಮವರು ಎರಡು ಬಗೆಯ ಸಂಕಟವನ್ನೂ ಬಲ್ಲರು.)

ಇನ್ನು ಘಟ್ಟದ ಸ್ಥಳದಲ್ಲಿ ಆರು ಕಿಲೋಮೀಟರಿಗೂ ಮಿಗಿಲಾದ ಶಿಖರಗಳ ಸಾಲುಗಳನ್ನು ಕಲ್ಪಿಸಿಕೊಳ್ಳೋಣ. ಅವುಗಳ ಹಿಂದೆ, 3,500 ಮೀಟರು ಎತ್ತರದಲ್ಲಿರುವ ಲೇಹ್ ಪಟ್ಟಣಕ್ಕೆ ವರ್ಷವಿಡೀ ದೊರೆಯುವ ಮಳೆ-ಹಿಮಗಳ ಮೊತ್ತ ಸುಮಾರು 100 ಮಿಲಿಮೀಟರು. ಆಗುಂಬೆ ಇದನ್ನು ಒಂದೇ ದಿನದಲ್ಲಿ ಪಡೆಯುವುದುಂಟು.

ಅಲ್ಲಿಗೆ ಹೋದವರೆಲ್ಲರೂ ಪಾಂಗಾಂಗ್ ಸರೋವರದ ನೀಲಿಗೆ ಬೆರಗಾಗುತ್ತಾರೆ. ಅದರ ನೀರು ಉಪ್ಪು. ಹೊರಹರಿವಿಲ್ಲದ ಸರೋವರದಿಂದ ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಲೇಹ್–ಕಾರ್ಗಿಲ್ ರಸ್ತೆಯ 'ಅಯಸ್ಕಾಂತ ಬೆಟ್ಟ'ದಲ್ಲಿ ಗಾಡಿಗಳು ತಾವಾಗಿಯೇ ದಿಬ್ಬ ಏರುವಂತೆ ತೋರುವುದು ಶುದ್ಧ ದೃಷ್ಟಿಭ್ರಮೆ. ಗಾರೆಯವನ ರಸಮಟ್ಟವೊಂದಿದ್ದರೆ ಅಯಸ್ಕಾಂತದ ಕಥೆ ಮುಗಿಯುತ್ತದೆ. ನಮ್ಮ ಮಟ್ಟಿಗೆ ನಿಜವಾದ ಆಕರ್ಷಣೆ ಹಾನ್ಲೆಯ ಆಕಾಶ. ನೀರಾವಿಯು ಅವಕೆಂಪು ಕಿರಣಗಳನ್ನು ಹೀರುತ್ತದೆ. 4,500 ಮೀಟರು ಎತ್ತರದ ಆ ಒಣಗಾಳಿಯಲ್ಲಿ ಅವು ಹೆಚ್ಚಾಗಿ ನೆಲ ಮುಟ್ಟುತ್ತವೆ. ಅಲ್ಲಿ 2000ನೆಯ ಇಸವಿಯಲ್ಲಿ ಕಣ್ತೆರೆದ ಎರಡು ಮೀಟರು ವ್ಯಾಸದ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ, ಉಪಗ್ರಹದ ಸಂಪರ್ಕದ ಮೂಲಕ ನಡೆಸುತ್ತಾರೆ. ಅವೇ ಕಿರಣಗಳು ನೆಲದ ಶಾಖವನ್ನೂ ಸರಾಗವಾಗಿ ಹೊರಗೊಯ್ಯುವುದರಿಂದ ಇರುಳು ಕೊರೆಯುವ ಚಳಿ. ಮೋಡದ ಕಂಬಳಿ ಹೊದ್ದ ಮಲೆನಾಡಿನ ರಾತ್ರಿಗೆ ಆ ಭಯವಿಲ್ಲ.

ಹಾನ್ಲೆಯಲ್ಲಿ ವಾಯುಭಾರ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸು ಹೆಚ್ಚು. ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅನ್ನ ಬೇಗ ಬೇಯದು. ಪ್ರತಿ ಉಸಿರಿನಲ್ಲಿಯೂ ಆಮ್ಲಜನಕ ಕಡಿಮೆ. ವಿಮಾನದಲ್ಲಿ ನೇರವಾಗಿ ಲೇಹ್‌ಗೆ ಇಳಿದವರು ಒಂದೆರಡು ದಿನ ವಿಶ್ರಮಿಸದೆ ಮೇಲೇರುವುದು ಪ್ರಾಣಾಪಾಯಕರ. ತಲೆನೋವು, ಏದುಸಿರು ವಿಪರೀತವಾದರೆ ತಡಮಾಡದೆ ತಗ್ಗಿಗಿಳಿಯಬೇಕು.

ಮರುಭೂಮಿಯಲ್ಲಿ ಮಳೆಯೂ ಶತ್ರುವಾಗಬಲ್ಲದು. 2010ರ ಆಗಸ್ಟ್ 5–6ರ ನಡುರಾತ್ರಿ ಲೇಹ್ ಸುತ್ತಮುತ್ತ ಮೇಘಸ್ಫೋಟವಾಯಿತು. ನೀರನ್ನು ತಡೆಯಲು ಬೋಳುಗುಡ್ಡಗಳ ಮೇಲೆ ಬೇರುಗಳಿರಲಿಲ್ಲ. ಹಸಿ ಇಟ್ಟಿಗೆಯ ಮನೆಗಳು ಕೆಸರಿನ ಪ್ರವಾಹಕ್ಕೆ ಕುಸಿದವು. ಇನ್ನೂರಕ್ಕೂ ಹೆಚ್ಚು ಮಂದಿ ಮಡಿದರು.

ಉಳಿದಂತೆ ಅಲ್ಲಿನ ಜವೆಗೋಧಿ ಹೊಲಗಳು ಬದುಕುವುದು ಕರಗಿದ ಹಿಮದ ನೀರಿನಿಂದ. ಬಿತ್ತನೆಯ ವಸಂತದಲ್ಲಿಯೇ ಅದರ ಅಭಾವ. ಇದಕ್ಕಾಗಿ ಚೆವಾಂಗ್ ನೋರ್ಫೆಲ್ ಎಂಬ ಎಂಜಿನಿಯರು ತೊರೆಗಳನ್ನು ತಡೆದು ಕೃತಕ ಹಿಮನದಿಗಳನ್ನು ರಚಿಸಿದರು. 2013–14ರ ಚಳಿಗಾಲದಲ್ಲಿ ಸೋನಮ್ ವಾಂಗ್‌ಚುಕ್ ಅವರು 'ಹಿಮಸ್ತೂಪ'ವನ್ನು ಪ್ರಯೋಗಿಸಿದರು. ಗುಡ್ಡದ ಅಬ್ಬಿಯ ನೀರು ನಮ್ಮ ಮನೆಗಳಿಗೆ ಪಂಪಿನ ಹಂಗಿಲ್ಲದೆ ಬರುವಂತೆಯೇ, ಎತ್ತರದ ತೊರೆಯ ನೀರು ಕೊಳವೆಯಲ್ಲಿಳಿದು, ತಗ್ಗಿನಲ್ಲಿ ಕಾರಂಜಿಯಾಗಿ ಚಿಮ್ಮಿ, ಇರುಳಿನ ಚಳಿಗೆ ಹೆಪ್ಪುಗಟ್ಟಿ ಶಂಕುವಿನಾಕಾರದ ರಾಶಿಯಾಗುತ್ತದೆ. ಅಷ್ಟೇ ನೀರು ಬಯಲಲ್ಲಿ ಹರಡಿ ಹೆಪ್ಪುಗಟ್ಟಿದ್ದರೆ ಬಿಸಿಲಿಗೆ ಬೇಗ ಕರಗಿಹೋಗುತ್ತಿತ್ತು. ಶಂಕುವಿನಲ್ಲಿ ಬಿಸಿಲು ತಾಗುವ ಮೈ ಕಡಿಮೆಯಾದ್ದರಿಂದ, ಬಿತ್ತನೆಯ ಹೊತ್ತಿಗೂ ಅದು ಕರಗುತ್ತ ನಿಂತಿರುತ್ತದೆ.